ಶಾಲೆ ಗೋಡೆಗೆ ಬಣ್ಣ ಹಚ್ಚಬೇಕು, ಕೈ ಜೋಡಿಸ್ತೀರಾ?

ನಮ್ಮೂರ ಸರ್ಕಾರಿ ಶಾಲೆಯಲ್ಲಿ ಓದಿದವರೇ, ಒಂದು ಸಹಾಯ ಬೇಕು. ಮೊನ್ನೆ ಶಾಲೆ ಕಡೆ ಹೋಗಿದ್ದೆ. ಗಂಟೆ ಅಂತ ತೂಗುಹಾಕಿದ್ದ ರೈಲು ಕಂಬಿಯ ತುಂಡು ಹಾಗೇ ಇದೆ. ಆದರೆ ನಾಲ್ಕನೇ ಕ್ಲಾಸಿನ ಗೋಡೆಯ ಕರ್ನಾಟಕ ನಕ್ಷೆಯಲ್ಲಿ ಬೀದರ್ ಕಡೆ ಸುಣ್ಣವೆಲ್ಲ ಉದುರಿದೆ. ಕರುಳು ಚುರುಕ್ ಎಂದಿತು. ಅದು ನಮ್ಮ ಕಾಲದ 27 ಜಿಲ್ಲೆಗಳ ನಕ್ಷೆ. ಈಗ 31 ಆಗಿವೆ ಅಲ್ವಾ, ಹೊಸದಾಗಿಯೇ ಬರೆಯಬೇಕು.

ನವೆಂಬರ್ 1ರ ರಾಜ್ಯೋತ್ಸವಕ್ಕೆ ಮುಂಚಿನ ಭಾನುವಾರ ಶ್ರಮದಾನ. ಹೆಡ್ ಮೇಷ್ಟ್ರು, ಶಾಲೆಯ ಉಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯವರು ಒಪ್ಪಿದ್ದಾರೆ. ದುಡ್ಡಿಗಿಂತ ಕೈಗಳೇ ಜಾಸ್ತಿ ಬೇಕು. ಗೋಡೆ ಉಜ್ಜಲು ಹತ್ತು ಜನ, ನಕ್ಷೆ ಬರೆಯಬಲ್ಲವರು ಒಬ್ಬರು, ಎರಡು ಏಣಿ.

ಇಪ್ಪತ್ತು ವರ್ಷದಿಂದ ಮಾತೇ ಆಡದ ಗೆಳೆಯರಿಗೂ ದಯವಿಟ್ಟು ಹೇಳಿ, ಅವರೂ ಬರಲಿ. ಮಧ್ಯಾಹ್ನ ಬೇವಿನ ಮರದ ಕೆಳಗೆ ಚಿತ್ರಾನ್ನ, ಮಜ್ಜಿಗೆ ನಮ್ಮ ಮನೆಯಿಂದ. ಬರುವವರು ಕೆಳಗೆ ತಿಳಿಸಿ.