ಬ್ರೂ, ಸ್ಕೂಪ್ ಎರಡರಲ್ಲೂ ಚೆಕ್‌ಸಮ್ ಹೊಂದುತ್ತಿಲ್ಲ: ‘ಮಳೆಲೆಕ್ಕ’ 1.2.0

ತೋಟದಂಚು (ಶಿರಸಿ)

ಎಲ್ಲರಿಗೂ ನಮಸ್ಕಾರ. ನಮ್ಮ ಕಡೆ ಸುಮಾರು ಮನೆಗಳಲ್ಲಿ ಅಂಗಳದ ತುದಿಗೆ ಒಂದು ಮಳೆಮಾಪಕ ಇರುತ್ತದೆ. ಬೆಳಿಗ್ಗೆ ಎಂಟೂವರೆಗೆ ನೋಡಿ ಡೈರಿಯಲ್ಲಿ ಇಷ್ಟು ಮಿಲಿಮೀಟರ್ ಅಂತ ಬರೆದಿಡುತ್ತಾರೆ. ನಮ್ಮ ಮನೆಯಲ್ಲಿ ಅಪ್ಪನ ಕೆಲಸ ಅದು. ಆ ಲೆಕ್ಕ ಕೂಡುವುದಕ್ಕೆ ‘ಮಳೆಲೆಕ್ಕ’ ಅಂತ ಒಂದು ಸಣ್ಣ ಕಮಾಂಡ್ ಲೈನ್ ಟೂಲ್ ಬರೆದಿದ್ದೇನೆ. ಗೋ ಭಾಷೆಯಲ್ಲಿದೆ, ದಾಖಲೆ ಎಸ್‌ಕ್ಯೂಲೈಟ್‌ನಲ್ಲಿ ಉಳಿಯುತ್ತದೆ. ತಿಂಗಳ ಲೆಕ್ಕದ ಜೊತೆಗೆ ಮೃಗಶಿರ, ಆರಿದ್ರಾ, ಪುನರ್ವಸು, ಪುಷ್ಯ, ಆಶ್ಲೇಷ ಅಂತ ನಕ್ಷತ್ರದ ಲೆಕ್ಕವನ್ನೂ ಕೊಡುತ್ತದೆ. ಬೋರ್ಡೋ ದ್ರಾವಣ ಹೊಡೆದ ದಿನದಿಂದ ಈವರೆಗೆ ಎಷ್ಟು ಮಳೆ ಬಿತ್ತು ಅಂತಲೂ ಹೇಳುತ್ತದೆ. ಅಡಿಕೆಯ ಕೊಳೆ ರೋಗದ ಹೆದರಿಕೆ ಇರುವ ತೋಟದವರಿಗೆ ಇದೇ ಜಾಸ್ತಿ ಬೇಕಾದದ್ದು.

ಮ್ಯಾಕ್‌ನವರಿಗೆ ನನ್ನದೇ ಹೋಮ್‌ಬ್ರೂ ಟ್ಯಾಪ್ ಇದೆ (ಹೋಮ್‌ಬ್ರೂ ಅಂದರೆ ‘ಬ್ರೂ’ ಕಮಾಂಡ್‌ನಿಂದ ಸಾಫ್ಟ್‌ವೇರ್ ಹಾಕಿಕೊಡುವ ಟೂಲ್, ಟ್ಯಾಪ್ ಅಂದರೆ ಅದು ನೋಡುವ ಪ್ಯಾಕೇಜ್ ಪಟ್ಟಿ). ವಿಂಡೋಸ್‌ನವರಿಗೆ ಅಂಥದ್ದೇ ಸ್ಕೂಪ್ ಬಕೆಟ್, ಉಬುಂಟುವಿಗೆ ಡೆಬ್ ಪ್ಯಾಕೇಜ್ ಫೈಲ್. ಹೋದ ವಾರದವರೆಗೆ ಎಲ್ಲ ಸರಿ ಇತ್ತು. ಈಗ ಸೋಂದಾದ ಭಾವ ತಮ್ಮ ಮ್ಯಾಕ್‌ನಲ್ಲಿ ಬ್ರೂ ಇನ್‌ಸ್ಟಾಲ್ ಕೊಟ್ಟರೆ ಎಸ್‌ಎಚ್‌ಎ-256 ಚೆಕ್‌ಸಮ್ (ಫೈಲಿನ ಬೆರಳಚ್ಚಿನಂಥ ಸಂಖ್ಯೆ, ಹ್ಯಾಶ್ ಅಂತಲೂ ಅನ್ನುತ್ತಾರೆ) ಹೊಂದುವುದಿಲ್ಲ ಅಂತ ನಿಂತುಬಿಡುತ್ತದೆ. ಎಕ್ಸ್‌ಪೆಕ್ಟೆಡ್ ಅಂತ ತೋರಿಸುವುದು 7041 ರಿಂದ ಶುರು, ಆಕ್ಚುಯಲ್ ಅಂತ ತೋರಿಸುವುದು 2938 ರಿಂದ ಶುರು. ಕುಮಟೆಯ ಗೆಳೆಯರ ವಿಂಡೋಸ್‌ನಲ್ಲಿ ಸ್ಕೂಪ್ ಕೂಡ ಹ್ಯಾಶ್ ಚೆಕ್ ಫೇಲ್ ಅನ್ನುತ್ತಿದೆ.

ನೆಟ್ ತೊಂದರೆ ಇರಬೇಕು ಅಂದುಕೊಂಡೆ. ಗಾಳಿಮಳೆ ಹಿಡಿದರೆ ಇಲ್ಲಿ ಕರೆಂಟ್ ಹೋಗುತ್ತದೆ, ಹಿಂದೆಯೇ ಟವರ್ ಹೋಗುತ್ತದೆ, ಡೌನ್‌ಲೋಡ್ ಅರ್ಧಕ್ಕೆ ತುಂಡಾಗುತ್ತದೆ. ಕ್ಯಾಶ್ ಅಳಿಸಿ ಮೂರು ಸಲ ಮಾಡಿಸಿದೆ. ಅದೇ ಉತ್ತರ. ಮೃಗಶಿರ ಹುಟ್ಟುವ ಮೊದಲು ಎಲ್ಲರ ಕಂಪ್ಯೂಟರಿಗೂ ಹಾಕಿಕೊಡುತ್ತೇನೆ ಅಂತ ಮಾತು ಕೊಟ್ಟಿದ್ದೇನೆ. ದಯವಿಟ್ಟು ದಾರಿ ತೋರಿಸಿ.

ಕಾಳಿದಂಡೆ (ಕಾರವಾರ)

ಒಂದು ವಿಷಯ ಮೊದಲು ನೋಡಿ ಹೇಳಿ. ಮೂರು ಸಲ ಮಾಡಿದಾಗಲೂ ಆಕ್ಚುಯಲ್ ಹ್ಯಾಶ್ ಅದೇ ಬಂತಾ? ಪ್ರತಿ ಸಲ ಬೇರೆ ಬೇರೆ ಬಂತಾ?

ಡೌನ್‌ಲೋಡ್ ತುಂಡಾದರೆ ಒಂದೊಂದು ಸಲ ಒಂದೊಂದು ಕಡೆ ತುಂಡಾಗುತ್ತದೆ, ಹ್ಯಾಶ್ ಕೂಡ ಸಲ ಸಲಕ್ಕೂ ಬದಲಾಗುತ್ತದೆ. ಬೇರೆ ಬೇರೆ ಊರಲ್ಲಿ, ಬೇರೆ ಬೇರೆ ನೆಟ್‌ನಲ್ಲಿ ಇಳಿಸಿದರೂ ಅದೇ 2938 ಬಂದರೆ ಫೈಲ್ ಪೂರ್ತಿ ಇಳಿದಿದೆ. ಅಂದರೆ ಸರ್ವರ್‌ನಲ್ಲಿರುವ ಫೈಲೇ ಬೇರೆ ಆಗಿದೆ.

ನೀವೂ ನಿಮ್ಮ ಮನೆಯಿಂದ ಅದೇ ಕೊಂಡಿ ಇಳಿಸಿ ಹ್ಯಾಶ್ ತೆಗೆಯಿರಿ. ಲಿನಕ್ಸ್‌ನಲ್ಲಾದರೆ ‘ಎಸ್‌ಎಚ್‌ಎ-256-ಸಮ್’, ಮ್ಯಾಕ್‌ನಲ್ಲಿ ‘ಶಾಸಮ್’ಗೆ 256 ಅಂತ ಹೇಳಬೇಕು, ಪವರ್‌ಶೆಲ್‌ನಲ್ಲಿ ‘ಗೆಟ್-ಫೈಲ್‌ಹ್ಯಾಶ್’. ಫೈಲ್ ಗಾತ್ರವನ್ನೂ ನೋಡಿ. ಕೆಲವು ಸಲ ಟಾರ್ (ಸೋರ್ಸ್ ಕೋಡ್ ಕಟ್ಟಿಟ್ಟ ಫೈಲ್) ಬದಲು ಲಾಗಿನ್ ಪುಟದ ಎಚ್‌ಟಿಎಂಎಲ್ ಇಳಿದಿರುತ್ತದೆ. ಆಗ ಗಾತ್ರ ತೀರಾ ಕಡಿಮೆ ಇರುತ್ತದೆ.

ತೋಟದಂಚು (ಶಿರಸಿ)

ಅಕ್ಕಾ, ನೋಡಿದೆ. ನಮ್ಮ ಮನೆಯಲ್ಲೂ 2938. ಸೋಂದಾದಲ್ಲಿ ಮೂರು ಸಲವೂ ಅದೇ. ಗಾತ್ರವೂ ಸರಿ ಇದೆ.

ಈಗ ನೆನಪಾಯಿತು, ನಾನೇ ಒಂದು ಕೆಲಸ ಮಾಡಿದ್ದೆ. 1.2.0 ಬಿಟ್ಟ ಎರಡು ದಿನಕ್ಕೆ ಒಂದು ತಪ್ಪು ಸಿಕ್ಕಿತು. ಆಗಸ್ಟ್ 3ಕ್ಕೆ ಆಶ್ಲೇಷ ಹುಟ್ಟಿತು ಅಂತಿಟ್ಟುಕೊಳ್ಳಿ. ಆ ದಿನ ಬೆಳಿಗ್ಗೆ ಎಂಟೂವರೆಗೆ ಅಳೆದ ಮಳೆ ಹಿಂದಿನ 24 ಗಂಟೆಯದ್ದು, ಪುಷ್ಯಕ್ಕೆ ಸೇರಬೇಕಾದದ್ದು. ನನ್ನ ಟೂಲ್ ಅದನ್ನು ಆಶ್ಲೇಷಕ್ಕೆ ಹಾಕುತ್ತಿತ್ತು. ಸರಿ ಮಾಡಿದೆ. ಒಂದೇ ಸಾಲು ಬದಲಾದದ್ದಲ್ವಾ ಅಂತ ಗಿಟ್‌ನಲ್ಲಿ ಹಳೆಯ ಟ್ಯಾಗ್ (ವರ್ಶನ್ ಗುರುತು) ತೆಗೆದು ಅದೇ 1.2.0 ಹೆಸರಲ್ಲಿ ಹೊಸ ಕಮಿಟ್‌ಗೆ (ತಿದ್ದಿದ ಕೋಡಿಗೆ) ಟ್ಯಾಗ್ ಹಾಕಿ ಫೋರ್ಸ್ ಪುಶ್ ಮಾಡಿದೆ. ವಿಂಡೋಸ್ ಜಿಪ್ ಕೂಡ ಮತ್ತೆ ಬಿಲ್ಡ್ ಮಾಡಿ ಅದೇ ಹೆಸರಲ್ಲಿ ಏರಿಸಿದೆ.

ಹಾಗಾದರೆ ಫಾರ್ಮುಲಾದಲ್ಲಿ (ಬ್ರೂಗೆ ಬರೆದ ಪ್ಯಾಕೇಜ್ ವಿವರದ ಫೈಲಿನಲ್ಲಿ) ಹ್ಯಾಶ್ 2938 ಅಂತ ತಿದ್ದಿದರೆ ಮುಗಿಯಿತಾ?

ಕಾಳಿದಂಡೆ (ಕಾರವಾರ)

ಹಾಗೆ ತಿದ್ದಬೇಡಿ. ಎರರ್ ಹೋಗುತ್ತದೆ, ತೊಂದರೆ ಹೋಗುವುದಿಲ್ಲ. ಅದು ಒಳಗೆ ಹೋಗಿ ಕೂರುತ್ತದೆ.

ಮೊದಲ ಎರಡು ದಿನದಲ್ಲಿ ಇನ್‌ಸ್ಟಾಲ್ ಮಾಡಿಕೊಂಡವರನ್ನು ನೆನೆಸಿಕೊಳ್ಳಿ. ಅವರ ಹತ್ತಿರ ಇರುವುದು 1.2.0. ಹೊಸದಾಗಿ ಹಾಕಿಕೊಳ್ಳುವವರಿಗೆ ಸಿಗುವುದೂ 1.2.0. ಹಳಬರು ಬ್ರೂ ಅಪ್‌ಗ್ರೇಡ್ ಕೊಟ್ಟರೆ ಏನೂ ಆಗುವುದಿಲ್ಲ. ಬ್ರೂ ನೋಡುವುದು ವರ್ಶನ್ ನಂಬರ್, ಅದು ಬದಲಾಗಿಲ್ಲ. ಸ್ಕೂಪ್‌ನಲ್ಲೂ ಹಾಗೇ. ಇಬ್ಬರು ತೋಟದವರು ಒಂದೇ ಡೈರಿ ಹಾಕಿ ನೋಡಿದರೂ ಆಶ್ಲೇಷದ ಮಳೆ ಒಬ್ಬರಿಗೆ ಒಂದು, ಇನ್ನೊಬ್ಬರಿಗೆ ಒಂದು. ಇಬ್ಬರೂ ‘ನನ್ನದು 1.2.0’ ಅನ್ನುತ್ತಾರೆ. ನಾಳೆ ಯಾರಾದರೂ ತಪ್ಪು ಇದೆ ಅಂತ ಬರೆದರೆ ಯಾವ 1.2.0 ಅಂತ ನಿಮಗೂ ಗೊತ್ತಾಗುವುದಿಲ್ಲ. ನಿಮ್ಮ ಟೂಲಿನ ಅಂಕಿ ನಂಬಿಕೊಂಡು ಜನ ಔಷಧಿ ಹೊಡೆಯುವ ದಿನ ನೋಡುತ್ತಾರೆ. ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಗೋ ಕಡೆ ಇದು ಇನ್ನೂ ಬಿಗಿ. ‘ಗೋ ಇನ್‌ಸ್ಟಾಲ್’ನಿಂದ ಹಾಕಿಕೊಂಡವರು ಒಬ್ಬರಿದ್ದರೂ ಸಾಕು, ನಿಮ್ಮ ಮೊದಲ 1.2.0 ರ ಹ್ಯಾಶ್ ಗೋ ಚೆಕ್‌ಸಮ್ ಡೇಟಾಬೇಸ್‌ನಲ್ಲಿ ಕೂತಾಗಿದೆ. ಅದರಲ್ಲಿ ಸೇರಿಸುವುದು ಮಾತ್ರ ಇದೆ, ಅಳಿಸುವುದು ಇಲ್ಲ. ನೀವು ಟ್ಯಾಗ್ ಎಲ್ಲಿಗೆ ಸರಿಸಿದರೂ ಗೋ ಪ್ರಾಕ್ಸಿ (ಕೋಡಿನ ಪ್ರತಿ ಇಟ್ಟುಕೊಂಡು ಕೊಡುವ ಸರ್ವರ್) ಹಳೆಯ ಕೋಡನ್ನೇ ಕೊಡುತ್ತಿರಬಹುದು. ಪ್ರಾಕ್ಸಿ ಬಿಟ್ಟು ನೇರ ಇಳಿಸಿದರೆ ಸೆಕ್ಯುರಿಟಿ ಎರರ್ ಬರುತ್ತದೆ.

ಹೀಗೆ ಮಾಡಿ. ಗಿಟ್‌ನ ರೆಫ್‌ಲಾಗ್ (ಹಿಂದಿನ ಬದಲಾವಣೆಗಳ ದಾಖಲೆ) ನೋಡಿ ಮೊದಲ 1.2.0 ಯಾವ ಕಮಿಟ್ ಮೇಲಿತ್ತು ಅಂತ ಹುಡುಕಿ. ಟ್ಯಾಗನ್ನು ಅಲ್ಲಿಗೇ ವಾಪಸ್ ತನ್ನಿ. ಟಾರ್ ಇಳಿಸಿ 7041 ಬಂತಾ ನೋಡಿ. ಜಿಪ್ ಮಾತ್ರ ಮತ್ತೆ ಬಿಲ್ಡ್ ಮಾಡಿ ಏರಿಸಬೇಡಿ. ಜಿಪ್ ಒಳಗೆ ಫೈಲಿನ ಸಮಯ ಸೇರುತ್ತದೆ, ಅದೇ ಕೋಡ್ ಇದ್ದರೂ ಹ್ಯಾಶ್ ಬೇರೆ ಆಗುತ್ತದೆ. ಹಳೆಯ ಜಿಪ್ಪೇ ಎಲ್ಲಾದರೂ ಉಳಿದಿದೆಯಾ ಕೇಳಿ. ಆಮೇಲೆ ತಿದ್ದಿದ ಕೋಡನ್ನು 1.2.1 ಅಂತ ಬಿಡಿ. ಅದರ ಗೋ-ಮಾಡ್ ಫೈಲಿನಲ್ಲಿ 1.2.0 ನ್ನು ‘ರಿಟ್ರಾಕ್ಟ್’ (ಹಿಂದೆ ತೆಗೆದುಕೊಂಡಿದೆ) ಅಂತ ಬರೆದು, ಪಕ್ಕದಲ್ಲಿ ಕಾರಣ ಒಂದು ಸಾಲು ಹಾಕಿ. ಗೋ 1.16 ರಿಂದ ಇದಕ್ಕೆ ಅವಕಾಶ ಇದೆ.

ಇನ್ನೊಂದು. ತಪ್ಪು ಪ್ರೋಗ್ರಾಮ್‌ನಲ್ಲಿ ಇರದೆ ಬರೀ ಪ್ಯಾಕೇಜ್ ಬರೆದ ರೀತಿಯಲ್ಲಿದ್ದರೆ ಅದಕ್ಕೆ ಬೇರೆ ನಂಬರೇ ಇದೆ. ಹೋಮ್‌ಬ್ರೂ ಫಾರ್ಮುಲಾದಲ್ಲಿ ‘ರಿವಿಷನ್’, ಆರ್ಚ್‌ನ ಪಿಕೆಜಿಬಿಲ್ಡ್‌ನಲ್ಲಿ ‘ಪಿಕೆಜಿರೆಲ್’, ಡೆಬ್‌ನಲ್ಲಿ ಕೊನೆಗೆ ಬರುವ -1, -2. ಉದಾಹರಣೆಗೆ ಮ್ಯಾನ್ ಪೇಜ್ ತಪ್ಪು ಫೋಲ್ಡರಿಗೆ ಹೋಯಿತು ಅಂತಾದರೆ 1.2.1 ಹಾಗೇ ಇರಲಿ, ಈ ನಂಬರ್ ಏರಿಸಿದರೆ ಸಾಕು. ಸೋರ್ಸ್ ಒಂದು ಅಕ್ಷರ ಬದಲಾದರೂ ಹೊಸ ವರ್ಶನ್.

ಅಘನಾಶಿನಿ (ಕುಮಟಾ)

ಸ್ಕೂಪ್ ಎರರ್ ಬಂದದ್ದು ನನಗೇ. ಹಳೆಯ ಜಿಪ್ ನನ್ನ ಹತ್ತಿರ ಇದೆ! 1.2.0 ಬಿಟ್ಟ ದಿನವೇ ಮನೆಯ ಲ್ಯಾಪ್‌ಟಾಪ್‌ಗೆ ಹಾಕಿದ್ದೆ. ಈಗ ತೊಂದರೆ ಕೊಡುತ್ತಿರುವುದು ಅಂಗಡಿಯ ಕಂಪ್ಯೂಟರ್. ಸ್ಕೂಪ್ ಇಳಿಸಿದ್ದನ್ನೆಲ್ಲ ಕ್ಯಾಶ್ ಫೋಲ್ಡರಿನಲ್ಲಿ ಇಟ್ಟುಕೊಂಡಿರುತ್ತದೆ, ನಾವೇ ‘ಸ್ಕೂಪ್ ಕ್ಯಾಶ್ ಆರ್‌ಎಂ’ ಕೊಡುವವರೆಗೆ ಹೋಗುವುದಿಲ್ಲ. ಹ್ಯಾಶ್ ತೆಗೆದು ನೋಡಿದೆ, ನಿಮ್ಮ ಮ್ಯಾನಿಫೆಸ್ಟ್‌ನಲ್ಲಿ (ಸ್ಕೂಪ್‌ಗೆ ಬರೆದ ಪ್ಯಾಕೇಜ್ ವಿವರದ ಫೈಲಿನಲ್ಲಿ) ಇರುವುದಕ್ಕೆ ಸರಿ ಹೊಂದುತ್ತದೆ. ಕಳಿಸಿದ್ದೇನೆ.

ತೋಟದಂಚು (ಶಿರಸಿ)

ತುಂಬಾ ಉಪಕಾರ ಆಯಿತು. ಟ್ಯಾಗ್ ವಾಪಸ್ ತಂದೆ, 7041 ಬಂತು. ಹಳೆಯ ಜಿಪ್ ಏರಿಸಿದೆ. 1.2.1 ಬಿಟ್ಟಿದ್ದೇನೆ. ಸೋಂದಾದಲ್ಲಿ ಬ್ರೂ ಅಪ್‌ಗ್ರೇಡ್ ಕೊಟ್ಟ ಕೂಡಲೇ ಹೊಸದು ಬಂತಂತೆ.

ಒಂದು ಕೇಳಬೇಕಿತ್ತು. ಗಿಟ್‌ಹಬ್ ತಾನೇ ಮಾಡಿಕೊಡುವ ಟಾರ್ ಬಳಸುತ್ತಿದ್ದೇನೆ. ಅದು ಸರಿಯಾ? ಮತ್ತೆ, ಹೋಮ್‌ಬ್ರೂ ಕೋರ್‌ಗೇ (ಅದರ ಮುಖ್ಯ ಪಟ್ಟಿಗೇ) ಹಾಕಿದರೆ ಟ್ಯಾಪ್ ಗೊಡವೆ ಇಲ್ಲವಲ್ಲ?

ಕಾಳಿದಂಡೆ (ಕಾರವಾರ)

ಆ ಟಾರ್ ಮೊದಲೇ ಮಾಡಿ ಇಟ್ಟದ್ದಲ್ಲ, ಕೇಳಿದಾಗ ಮಾಡಿಕೊಡುವುದು. 2023ರ ಜನವರಿ ಕೊನೆಗೆ ಗಿಟ್‌ನಲ್ಲಿ ಜಿಜಿಪ್ ಮಾಡುವ (ಫೈಲ್ ಕುಗ್ಗಿಸುವ) ಕ್ರಮ ಬದಲಾದದ್ದು ಗಿಟ್‌ಹಬ್‌ಗೂ ಬಂದು, ಒಳಗಿನ ಫೈಲ್‌ಗಳು ಹಾಗೇ ಇದ್ದರೂ ಟಾರ್‌ಗಳ ಹ್ಯಾಶ್ ಬೇರೆ ಆಗಿತ್ತು. ಎಷ್ಟೋ ಕಡೆ ಬಿಲ್ಡ್ ಮುರಿದವು. ಬೇಗನೆ ಹಿಂದಿನ ಕ್ರಮಕ್ಕೇ ತಂದರು. ಹಾಗಾಗಿ ನಾನು ಟಾರ್ ನಾನೇ ಮಾಡಿ ರಿಲೀಸ್‌ಗೆ ಲಗತ್ತಿಸುತ್ತೇನೆ. ನೀವೂ ಹಾಗೆ ಮಾಡಿದರೆ ಒಂದು ಚಿಂತೆ ಕಮ್ಮಿ.

ಕೋರ್ ಸದ್ಯಕ್ಕೆ ಬೇಡ. ಬರೆದವರೇ ತಮ್ಮ ಟೂಲ್ ತಂದರೆ 225 ಸ್ಟಾರ್, ಇಲ್ಲವೇ 90 ಫೋರ್ಕ್, ಇಲ್ಲವೇ 90 ವಾಚರ್ ಕೇಳುತ್ತಾರೆ. ಬೇರೆಯವರು ತಂದರೆ ಇದರ ಮೂರನೇ ಒಂದು ಪಾಲು. ಶಿರಸಿ ಸೀಮೆಯ ಮಳೆಲೆಕ್ಕಕ್ಕೆ ಸ್ವಂತ ಟ್ಯಾಪೇ ಚೆನ್ನ. ರೆಪೊ ಹೆಸರು ‘ಹೋಮ್‌ಬ್ರೂ-’ ಅಂತ ಶುರುವಾದರೆ ಬಳಸುವವರು ಚಿಕ್ಕ ಹೆಸರಲ್ಲೇ ಕರೆಯಬಹುದು.

ಅಘನಾಶಿನಿ (ಕುಮಟಾ)

1.2.1 ಸ್ಕೂಪ್‌ನಲ್ಲಿ ಹ್ಯಾಶ್ ದಾಟಿತು, ಆದರೆ ಬಿಚ್ಚುವಾಗ ಫೋಲ್ಡರ್ ಸಿಗಲಿಲ್ಲ ಅಂತ ನಿಂತಿತು. ಮ್ಯಾನಿಫೆಸ್ಟ್ ತೆರೆದು ನೋಡಿದೆ. ‘ಎಕ್ಸ್‌ಟ್ರಾಕ್ಟ್-ಡಿರ್’ನಲ್ಲಿ ಇನ್ನೂ ಮಳೆಲೆಕ್ಕ-1.2.0 ಅಂತಲೇ ಇದೆ. ಜಿಪ್ ಒಳಗಿನ ಫೋಲ್ಡರ್ 1.2.1 ಆಗಿದೆ. ಕೈಯಲ್ಲಿ ತಿದ್ದಿದರೆ ಮುಂದಿನ ಸಲ ಮತ್ತೆ ಇದೇ ಗೋಳು. ‘ಆಟೋಅಪ್‌ಡೇಟ್’ ಭಾಗದಲ್ಲಿ ಯುಆರ್‌ಎಲ್ ಜೊತೆಗೆ ಎಕ್ಸ್‌ಟ್ರಾಕ್ಟ್-ಡಿರ್ ಕೂಡ ಹಾಕಿ, ನಂಬರ್ ಬರುವ ಕಡೆ ಡಾಲರ್ ಗುರುತು ಹಾಕಿ ‘ವರ್ಶನ್’ ಅಂತ ಬರೆಯಿರಿ. ಚೆಕ್‌ವರ್ ಸ್ಕ್ರಿಪ್ಟ್ ಓಡಿಸಿದರೆ ಹ್ಯಾಶ್ ಸಮೇತ ಅದೇ ತಿದ್ದಿಕೊಳ್ಳುತ್ತದೆ.

ಸಿದ್ದಾಪುರದವ

ನನ್ನದು ಬೇರೆ ತೊಂದರೆ, ಇಲ್ಲೇ ಕೇಳುತ್ತೇನೆ. ಉಬುಂಟು 20.04 ಇರುವ ಹಳೆಯ ಲ್ಯಾಪ್‌ಟಾಪ್. ಡೆಬ್ ಹಾಕುವಾಗ ತಕರಾರಿಲ್ಲ. ಓಡಿಸಿದರೆ ಜಿಲಿಬ್‌ಸಿ 2.34 ಸಿಗಲಿಲ್ಲ ಅನ್ನುತ್ತದೆ. ಅಪ್‌ಗ್ರೇಡ್ ಮಾಡಿದರೆ ಯಂತ್ರ ತಡೆದುಕೊಳ್ಳುವುದಿಲ್ಲ.

ಕಾಳಿದಂಡೆ (ಕಾರವಾರ)

ಜಿಲಿಬ್‌ಸಿ ಅಂದರೆ ಲಿನಕ್ಸ್‌ನ ಮೂಲ ಸಿ ಲೈಬ್ರರಿ. 20.04 ರಲ್ಲಿ ಇರುವುದು ಜಿಲಿಬ್‌ಸಿ 2.31. ತೋಟದಂಚು ಅವರು 22.04 ಅಥವಾ ಅದಕ್ಕಿಂತ ಹೊಸದರಲ್ಲಿ ಬಿಲ್ಡ್ ಮಾಡಿರಬೇಕು. 22.04 ರಲ್ಲಿ ಅದು 2.35. ಹಳೆಯದರಲ್ಲಿ ಮಾಡಿದ್ದು ಹೊಸದರಲ್ಲಿ ಓಡುತ್ತದೆ, ಹೊಸದರಲ್ಲಿ ಮಾಡಿದ್ದು ಹಳೆಯದರಲ್ಲಿ ಓಡಬೇಕೆಂದಿಲ್ಲ. ಡೆಬ್‌ನ ಕಂಟ್ರೋಲ್ ಫೈಲಿನಲ್ಲಿ ‘ಡಿಪೆಂಡ್ಸ್’ಗೆ ಲಿಬ್‌ಸಿ6 ಇಷ್ಟು ಬೇಕು ಅಂತ ಬರೆದಿದ್ದರೆ ಹಾಕುವಾಗಲೇ ತಡೆಯುತ್ತಿತ್ತು.

ಗೋದಲ್ಲಿ ಈ ರಗಳೆ ಬರುವುದು ಸಿ-ಗೋ (ಗೋ ಒಳಗೆ ಸಿ ಕೋಡ್ ಸೇರಿಸುವ ವ್ಯವಸ್ಥೆ) ಇದ್ದಾಗ. ಎಸ್‌ಕ್ಯೂಲೈಟ್‌ಗೆ ಯಾವ ಲೈಬ್ರರಿ ಹಾಕಿದ್ದೀರಿ? ಸಿ ಕೋಡ್ ಇರುವುದಾದರೆ ಅಲ್ಲಿಂದಲೇ ಬಂದಿದೆ. ಸುಮ್ನೆ ಸಿ-ಗೋ ಸೊನ್ನೆ ಮಾಡಿ ಬಿಲ್ಡ್ ಕೊಡಬೇಡಿ. ಬಿಲ್ಡ್ ಆಗುತ್ತದೆ, ಆದರೆ ದಾಖಲೆ ತೆರೆಯುವ ಹೊತ್ತಿಗೆ ‘ಇದಕ್ಕೆ ಸಿ-ಗೋ ಬೇಕು’ ಅಂತ ಬೀಳುತ್ತದೆ. ಪೂರ್ತಿ ಗೋದಲ್ಲೇ ಇರುವ ಎಸ್‌ಕ್ಯೂಲೈಟ್ ಲೈಬ್ರರಿ ಸಿಗುತ್ತದೆ. ಅದಕ್ಕೆ ಬದಲಾಯಿಸಿ, ಆಮೇಲೆ ಸಿ-ಗೋ ಸೊನ್ನೆ ಮಾಡಿ. ‘ಎಲ್‌ಡಿಡಿ’ (ಓಡಲು ಯಾವ ಲೈಬ್ರರಿ ಬೇಕು ಅಂತ ತೋರಿಸುವ ಕಮಾಂಡ್) ಕೊಟ್ಟು ನೋಡಿದರೆ ಡೈನಾಮಿಕ್ ಅಲ್ಲ ಅಂತ ಬರಬೇಕು.

ಈ ನೆಪದಲ್ಲಿ ನಿಮ್ಮ ಫಾರ್ಮುಲಾದ ಟೆಸ್ಟ್ ಭಾಗ ನೋಡಿದೆ. ಬರೀ ವರ್ಶನ್ ಕೇಳಿ ಬಿಟ್ಟಿದ್ದೀರಿ. ಅದು ಎಸ್‌ಕ್ಯೂಲೈಟ್ ಮುಟ್ಟುವುದೇ ಇಲ್ಲ, ಒಳಗೆ ಮುರಿದಿದ್ದರೂ ಪಾಸಾಗುತ್ತದೆ. ತಾತ್ಕಾಲಿಕ ಫೋಲ್ಡರಿನಲ್ಲಿ ನಾಲ್ಕು ದಿನದ ಮಳೆ ಬರೆಸಿ. ಆಗಸ್ಟ್ 1, 2, 3, 4. ಪುಷ್ಯಕ್ಕೆ ಮೊದಲ ಮೂರು, ಆಶ್ಲೇಷಕ್ಕೆ ಕೊನೆಯದು ಬಂತಾ ಅಂತ ಹೋಲಿಸಿ. ಆಶ್ಲೇಷದ ತಪ್ಪು ಆ ಒಂದು ಟೆಸ್ಟಿಗೇ ಸಿಕ್ಕಿಬೀಳುತ್ತಿತ್ತು.

ತೋಟದಂಚು (ಶಿರಸಿ)

ಲೈಬ್ರರಿ ಬದಲಾಯಿಸಿದೆ. ಎಲ್‌ಡಿಡಿ ನೀವು ಹೇಳಿದ ಹಾಗೇ ಹೇಳಿತು. ಟೆಸ್ಟ್ ಬರೆದು ಮೊದಲು 1.2.0 ಮೇಲೆ ಓಡಿಸಿದೆ, ಬಿತ್ತು. ಈಗಿನ ಕೋಡ್ ಮೇಲೆ ಪಾಸಾಯಿತು. ಎಕ್ಸ್‌ಟ್ರಾಕ್ಟ್-ಡಿರ್ ಕೂಡ ಸರಿ ಮಾಡಿದ್ದೇನೆ. ಸೋರ್ಸ್ ಬದಲಾಗಿದೆಯಲ್ಲ, ಹಾಗಾಗಿ ಎಲ್ಲ ಸೇರಿಸಿ 1.2.2 ಅಂತ ಬಿಟ್ಟಿದ್ದೇನೆ. ಈ ಸಲ ಟಾರ್ ನಾನೇ ಮಾಡಿ ಲಗತ್ತಿಸಿದ್ದು.

ಸಿದ್ದಾಪುರದವ

20.04 ರಲ್ಲಿ ಓಡಿತು. ಹೋದ ವರ್ಷದ ಡೈರಿ ಜೂನ್‌ನಿಂದ ತುಂಬಿಸುತ್ತಿದ್ದೇನೆ, ಈಗ ಪುನರ್ವಸುವಿಗೆ ಬಂದಿದ್ದೇನೆ.

ಅಘನಾಶಿನಿ (ಕುಮಟಾ)

ಇಲ್ಲೂ ಆಯಿತು. ಮನೆ, ಅಂಗಡಿ ಎರಡರಲ್ಲೂ 1.2.2. ಎರಡರಲ್ಲೂ ಒಂದೇ ಡೈರಿ ಹಾಕಿ ನೋಡಿದೆ, ಆಶ್ಲೇಷದ ಮೊತ್ತ ಒಂದೇ ಬಂತು.