ಬೋರ್ ನೀರಲ್ಲಿ ಶೇವಿಂಗ್ ಸೋಪು ನೊರೆ ಕಟ್ಟುತ್ತಿಲ್ಲ, ಸೋಪು ಡೂಪ್ಲಿಕೇಟಾ?

ಸಿಂಧನೂರು ಹುಡುಗ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಇದ್ದಾಗ ಡಬ್ಬಿ ಫೋಮ್ ಬಿಟ್ಟು ಬ್ರಶ್ಶು, ದುಂಡು ಶೇವಿಂಗ್ ಸೋಪು ಹಿಡಿದೆ. ಫೋಮ್ ಹಚ್ಚಿದರೆ ಗದ್ದದ ಕೆಳಗೆ ಉರಿಯುತ್ತಿತ್ತು, ಸೋಪಿಗೆ ಬಂದಮೇಲೆ ಅದು ನಿಂತಿತು. ಈಗ ಊರಿಗೆ ವಾಪಸ್ ಬಂದಿದ್ದೇನೆ. ಅದೇ ಕಂಪನಿಯ ಸೋಪು ಇಲ್ಲಿನ ಅಂಗಡಿಯಲ್ಲಿ ತಗೊಂಡೆ. ಎಷ್ಟು ತಿರುವಿದರೂ ನೊರೆ ಕಟ್ಟುವುದಿಲ್ಲ. ಕಟ್ಟಿದರೂ ಮುಖಕ್ಕೆ ಹಚ್ಚುವಷ್ಟರಲ್ಲಿ ಇಳಿದು ನೀರಾಗುತ್ತದೆ. ಬಟ್ಟಲಿನ ಅಂಚಿಗೆ ಬಿಳಿ ಜಿಗಟು ಅಂಟಿಕೊಳ್ಳುತ್ತದೆ. ಮನೆಯಲ್ಲಿ ಬಳಕೆಗೆ ಬೋರ್ ನೀರು.

ಅಂಗಡಿಯವರು ಡೂಪ್ಲಿಕೇಟ್ ಕೊಟ್ಟರಾ? ಬೇರೆ ಯಾವ ಸೋಪು ಒಳ್ಳೆಯದು? ಇಲ್ಲಾ ಸುಮ್ನೆ ಮತ್ತೆ ಡಬ್ಬಿಗೇ ಹೋಗಲಾ?

ಶಕ್ತಿನಗರ ರಿಟೈರ್ಡ್

ತಮ್ಮಾ, ಸೋಪು ಬಿಡು, ಮೊದಲು ನಿನ್ನ ನೀರು ನೋಡು.

ನಾನು ರಾಯಚೂರು ಥರ್ಮಲ್‌ನಲ್ಲಿ (ಕರೆಂಟ್ ತಯಾರಿಸುವ ಸ್ಥಾವರ) ನೀರಿನ ವಿಭಾಗದಲ್ಲಿ ಕೆಲಸ ಮಾಡಿದವನು. ಕೃಷ್ಣಾ ನದಿ ನೀರನ್ನು ತಂದು, ತಿಳಿ ಮಾಡಿ, ಅದರೊಳಗಿನ ಲವಣ ಎಲ್ಲಾ ತೆಗೆದು ಬಾಯ್ಲರಿಗೆ ಕೊಡುವುದು ನಮ್ಮ ಕೆಲಸ. ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಶಿಯಂ ಉಳಿದರೆ ಬಾಯ್ಲರ್ ಟ್ಯೂಬಿನ ಒಳಗೆ ಪದರ ಕಟ್ಟುತ್ತದೆ, ಟ್ಯೂಬು ಕಾದು ಒಡೆಯುತ್ತದೆ. ಅದೇ ಎರಡು ಲವಣ ಈಗ ನಿನ್ನ ಬಟ್ಟಲಲ್ಲಿವೆ. ಸೋಪು ನೀರಿಗೆ ಬಿದ್ದ ತಕ್ಷಣ ಮೊದಲು ಅವುಗಳ ಜೊತೆ ಕೂಡಿಕೊಳ್ಳುತ್ತದೆ. ಆ ಬಿಳಿ ಜಿಗಟು ಅಂದೆಯಲ್ಲ, ಅದು ಕ್ಯಾಲ್ಸಿಯಂ ಸೋಪು. ನೀರಿನಲ್ಲಿ ಕರಗುವುದಿಲ್ಲ, ನೊರೆ ಕೊಡುವುದಿಲ್ಲ. ಎಲ್ಲಾ ಕ್ಯಾಲ್ಸಿಯಂ ಹೀಗೆ ಮುಗಿದ ಮೇಲೆ ಉಳಿದ ಸೋಪಷ್ಟೇ ನಿನ್ನ ಗಡ್ಡಕ್ಕೆ ಸಿಗುವುದು.

ಬೆಂಗಳೂರಿನಲ್ಲಿ ನಿನಗೆ ನಳಕ್ಕೆ ಕಾವೇರಿ ನೀರು ಬರುತ್ತಿತ್ತು ಅಂತ ಕಾಣುತ್ತದೆ. ಅದು ನಮ್ಮ ಬೋರ್ ನೀರಿನಷ್ಟು ಗಡಸು ಅಲ್ಲ, ಅಂದರೆ ಆ ಲವಣಗಳು ಅದರಲ್ಲಿ ಅಷ್ಟಿಲ್ಲ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 600ರ ತನಕ ನಡೆಯುತ್ತದೆ ಅಂತ ಐಎಸ್ 10500 ಎಂಬ ಭಾರತೀಯ ಮಾನದಂಡದಲ್ಲಿದೆ. ನಮ್ಮ ಕಡೆಯ ಎಷ್ಟೋ ಬೋರುಗಳಿಗೆ ಆ ಮೇಲಿನ ಗೆರೆಯೂ ಲೆಕ್ಕಕ್ಕಿಲ್ಲ.

ನಂಬಿಕೆ ಬರದಿದ್ದರೆ ಹೀಗೆ ಮಾಡು. ಎರಡು ಖಾಲಿ ಬಾಟಲಿ ತಗೋ. ಒಂದಕ್ಕೆ ಬೋರ್ ನೀರು, ಇನ್ನೊಂದಕ್ಕೆ ಆರ್‌ಓ ನೀರು, ಅರ್ಧರ್ಧ. ಎರಡಕ್ಕೂ ಅದೇ ಸೋಪನ್ನು ಚಾಕುವಿನಿಂದ ಕೆರೆದು ಒಂದೊಂದು ಚಿಟಿಕೆ ಹಾಕು. ಮುಚ್ಚಿ ಜೋರಾಗಿ ಅಲುಗಾಡಿಸಿ ಪಕ್ಕಪಕ್ಕ ಇಡು. ಒಂದರಲ್ಲಿ ನೊರೆ ನಿಲ್ಲುತ್ತದೆ, ಇನ್ನೊಂದು ಕದಡಿ ಬೆಳ್ಳಗಾಗುತ್ತದೆ. ಇದು ನಾನು ಕಟ್ಟಿದ ಆಟ ಅಲ್ಲ. ಹಿಂದೆ ಲ್ಯಾಬುಗಳಲ್ಲೇ ಗಡಸುತನ ಅಳೆಯಲು ಸೋಪಿನ ನೀರನ್ನು ಬಳಸುತ್ತಿದ್ದರು.

ಇನ್ನು ಡಬ್ಬಿ ಫೋಮ್. ಅದು ನಮ್ಮೂರಲ್ಲೂ ಚೆನ್ನಾಗಿ ನೊರೆ ಕೊಡುತ್ತದೆ, ನಿಜ. ಯಾಕೆ ಗೊತ್ತಾ? ಅದರ ನೀರು ಅದರೊಳಗೇ ಇರುತ್ತದೆ. ಫ್ಯಾಕ್ಟರಿಯಲ್ಲಿ ಶುದ್ಧ ಮಾಡಿದ ನೀರು ಹಾಕಿ, ಸ್ಟಿಯರಿಕ್ ಆಸಿಡ್ಡಿನ ಸೋಪು ಸೇರಿಸಿ, ಪ್ರೊಪೇನ್, ಬ್ಯೂಟೇನ್ ಥರದ ಗ್ಯಾಸು ತುಂಬಿರುತ್ತಾರೆ. ಒತ್ತಿದಾಗ ಗ್ಯಾಸು ಹಿಗ್ಗಿ ನೊರೆ ಮಾಡುತ್ತದೆ. ಅಂದರೆ ನೀನು ಕೊಳ್ಳುತ್ತಿರುವುದು ಹೆಚ್ಚಿನ ಪಾಲು ನೀರನ್ನೇ! ಅದೇ ನೀರನ್ನು ಮನೆಯಲ್ಲೇ ಸೋಪಿಗೆ ಕೊಟ್ಟರೆ ಡಬ್ಬಿ ಯಾಕೆ ಬೇಕು? ಗ್ಯಾಸು ಅಂದಮೇಲೆ ಇನ್ನೊಂದು ಮಾತು: 50 ಡಿಗ್ರಿಗಿಂತ ಜಾಸ್ತಿ ಬಿಸಿಯಲ್ಲಿ ಇಡಬೇಡಿ ಅಂತ ಡಬ್ಬಿ ಮೇಲೆ ಬರೆದಿರುತ್ತಾರೆ. ರಾಯಚೂರಿನ ಏಪ್ರಿಲ್ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ಆ ಬಿಸಿ ಸುಲಭವಾಗಿ ದಾಟುತ್ತದೆ. ಪ್ರವಾಸದ ಬ್ಯಾಗಿನಲ್ಲಿಟ್ಟು ಕಾರಲ್ಲಿ ಬಿಡುವವರು ನೆನಪಿಡಿ.

ಬೇಕಾಗುವ ಒಳ್ಳೆ ನೀರು ಒಂದು ಸಣ್ಣ ಬಟ್ಟಲು ಮಾತ್ರ. ಬ್ರಶ್ಶು ನೆನೆಸಲು, ನೊರೆ ಕಟ್ಟಲು. ಮುಖ ತೊಳೆಯಲು ಬೋರ್ ನೀರು ಸಾಕು. ಆರ್‌ಓ ನೀರು ಆಗುತ್ತದೆ, ಮಳೆ ನೀರು ಆಗುತ್ತದೆ. ಆದರೆ ಆರ್‌ಓ ಮೆಷೀನಿನಿಂದ ಹೊರಗೆ ಹೋಗುವ ವೇಸ್ಟ್ ನೀರು ಬೇಡ, ಅದು ಬೋರ್ ನೀರಿಗಿಂತ ಗಡಸು.

ಬಳ್ಳಾರಿ ಕಟಿಂಗ್ ಶಾಪ್

ಸರ್ ಹೇಳಿದ್ದು ಸರಿ, ಆದರೆ ನಾವು ಅಂಗಡಿಯಲ್ಲಿ ಆರ್‌ಓ ನೀರು ಎಲ್ಲಿಂದ ತರೋಣ? ನಾನು ಟ್ಯೂಬ್ ಕ್ರೀಮ್ ಬಳಸುತ್ತೇನೆ. ಅದೇ ಬೋರ್ ನೀರಿಗೆ ದುಂಡು ಸೋಪಿಗಿಂತ ಬೇಗ ನೊರೆ ಬರುತ್ತದೆ.

ತಮ್ಮಾ, ನಿನ್ನ ಕೈಯಲ್ಲೂ ಸ್ವಲ್ಪ ತಪ್ಪಿರಬಹುದು. ಬ್ರಶ್ಶಿನ ನೀರು ಪೂರ್ತಿ ಝಾಡಿಸು. ಮೊದಲು ಸೋಪು ಜಾಸ್ತಿ, ನೀರು ಕಮ್ಮಿ. ಪೇಸ್ಟಿನ ಹಾಗೆ ದಪ್ಪ ಆದಮೇಲೆ ಹನಿ ಹನಿ ನೀರು ಬಿಡುತ್ತಾ ಹೋಗು. ಎಲ್ಲರೂ ಮೊದಲೇ ನೀರು ಸುರಿದು ಕೆಡಿಸುತ್ತಾರೆ. ಮುಖಕ್ಕೆ ಹಚ್ಚಿದ ಮೇಲೂ ಬಿಡದೆ ತಿರುವು, ಗಡ್ಡ ನೆನೆಯುವುದು ಆಗಲೇ. ಒರಟು ಗಡ್ಡ ಇದ್ದವರಿಗೆ ನಾನು ಒಮ್ಮೆ ಹಚ್ಚಿ, ಸ್ವಲ್ಪ ಬಿಟ್ಟು, ಮತ್ತೆ ಹಚ್ಚುತ್ತೇನೆ.

ಕೊನೆಗೆ ಪಟಕ ಉಜ್ಜು. ಸಣ್ಣ ಗಾಯದ ರಕ್ತ ನಿಲ್ಲುತ್ತದೆ. ನಿನ್ನದು ನಿನಗೇ ಇರಲಿ, ಒಬ್ಬರ ಪಟಕ ಇನ್ನೊಬ್ಬರು ಬಳಸಬಾರದು.

ಶಕ್ತಿನಗರ ರಿಟೈರ್ಡ್

ಅಣ್ಣಾ, ಟ್ಯೂಬಿನ ಮಾತು ಒಪ್ಪಿದೆ. ಕ್ರೀಮಿಗೆ ಹೆಚ್ಚಾಗಿ ಪೊಟ್ಯಾಶ್ ಕ್ಷಾರ ಬಳಸುತ್ತಾರೆ, ಆ ಸೋಪು ಮೆತ್ತಗೆ, ಬೇಗ ಕರಗುತ್ತದೆ. ಗಟ್ಟಿ ಶೇವಿಂಗ್ ಸೋಪಿಗೆ ಪೊಟ್ಯಾಶ್ ಮತ್ತು ಕಾಸ್ಟಿಕ್ ಸೋಡಾ ಎರಡೂ ಹಾಕುವುದುಂಟು. ಸ್ನಾನದ ಸೋಪಿನಲ್ಲಿ ಬಹುತೇಕ ಸೋಡಾದ್ದೇ. ಅದಕ್ಕೇ ಟಿಎಫ್‌ಎಂ (ಸೋಪಿನ ಒಟ್ಟು ಕೊಬ್ಬಿನಂಶ) ಶೇಕಡಾ 76 ಇರುವ ಒಂದನೇ ದರ್ಜೆ ಸ್ನಾನದ ಸೋಪು ತಂದರೂ ಅದರ ನೊರೆ ಗಡ್ಡದ ಮೇಲೆ ನಿಲ್ಲುವುದಿಲ್ಲ. ಶೇವಿಂಗ್ ಸೋಪಿನಲ್ಲಿ ಸ್ಟಿಯರಿಕ್ ಆಸಿಡ್ ಜಾಸ್ತಿ, ಒತ್ತಾದ ನೊರೆ ಬರುವುದು ಅದರಿಂದ.

ಪಟಕದ ಬಗ್ಗೆ ಒಂದು ಮಾತು. ಕೆಲವರು ಕದಡಿದ ನೀರು ತಿಳಿ ಮಾಡುವ ಆಲಂ ತಂದು ಮುಖಕ್ಕೆ ಉಜ್ಜುತ್ತಾರೆ. ವಾಟರ್ ಪ್ಲಾಂಟಿಗೆ ಬರುವ ಗಡ್ಡೆ ಅಲ್ಯೂಮಿನಿಯಂ ಸಲ್ಫೇಟು, ಶೇವಿಂಗಿನ ಪಟಕದಲ್ಲಿ ಪೊಟ್ಯಾಶಿಯಂ ಕೂಡ ಇರುತ್ತದೆ. ಗೋಣಿಚೀಲದಲ್ಲಿ ಬಂದ ಮಾಲು ಮುಖಕ್ಕೆ ಬೇಡ.

ಕುಷ್ಟಗಿ ಸೊಸೆ

ಗಂಡಸರ ಚರ್ಚೆಯಲ್ಲಿ ನಾನೊಬ್ಬಳು. ನಮ್ಮ ಮಾವನವರಿಗೆ ಲಕ್ವ ಹೊಡೆದ ಮೇಲೆ ದಾಡಿ ಮಾಡುವುದು ನನ್ನ ಪಾಲಿಗೆ ಬಂದಿದೆ. ಡಬ್ಬಿ ಫೋಮ್ ಅನುಕೂಲ ಅಂತ ಅದನ್ನೇ ತರುತ್ತಿದ್ದೆವು. ಹಾಸಿಗೆಯಲ್ಲಿ ಮಲಗಿದವರಿಗೆ ಬಟ್ಟಲು, ಬ್ರಶ್ಶು, ನೀರು ಎಲ್ಲಾ ಹಿಡಿದುಕೊಂಡು ಕೂರುವುದು ಕಷ್ಟ. ಆದರೆ ಅದರ ವಾಸನೆ ಅವರಿಗೆ ಸೇರುವುದಿಲ್ಲ, ಮುಖ ಆಚೆ ತಿರುಗಿಸುತ್ತಾರೆ.

ಈಗ ಬಿಸಿ ಬಟ್ಟೆ ಒತ್ತಿ, ನಾಲ್ಕು ಹನಿ ಕೊಬ್ಬರಿ ಎಣ್ಣೆ ಸವರಿ, ಮೇಲೆ ಟ್ಯೂಬ್ ಕ್ರೀಮನ್ನು ಬೆರಳಲ್ಲೇ ಹಚ್ಚುತ್ತೇನೆ. ನೊರೆ ಜಾಸ್ತಿ ಇಲ್ಲ, ಹಾಗಾಗಿ ದಿಂಬಿಗೂ ಬೀಳುವುದಿಲ್ಲ. ಕೆನ್ನೆ ಒಳಗೆ ಹೋಗಿರುವ ಕಡೆ ಚರ್ಮ ಎಳೆದು ಹಿಡಿದರೆ ಬ್ಲೇಡು ಸಲೀಸಾಗಿ ಹೋಗುತ್ತದೆ. ಎಣ್ಣೆ ಹಚ್ಚಿದಾಗ ರೇಜರನ್ನು ಎರಡೆರಡು ಎಳೆತಕ್ಕೆ ಬಿಸಿನೀರಲ್ಲಿ ಅದ್ದಬೇಕು, ಇಲ್ಲಾಂದ್ರೆ ಕಟ್ಟಿಕೊಳ್ಳುತ್ತದೆ.

ಸರ್, ನೀರು ಕುದಿಸಿ ಆರಿಸಿದರೆ ಗಡಸು ಹೋಗುತ್ತದಾ?

ಶಕ್ತಿನಗರ ರಿಟೈರ್ಡ್

ಸ್ವಲ್ಪ ಭಾಗ ಹೋಗುತ್ತದೆ ತಂಗಿ. ಬೈಕಾರ್ಬೊನೇಟ್ ರೂಪದಲ್ಲಿರುವ ಕ್ಯಾಲ್ಸಿಯಂ ಕುದಿಸಿದಾಗ ತಳಕ್ಕೆ ಕೂರುತ್ತದೆ. ಹಂಡೆಯೊಳಗೆ, ಗೀಸರ್ ಕಾಯಿಲ್ ಮೇಲೆ ಬೆಳ್ಳಗೆ ಕಟ್ಟುವುದು ಅದೇ. ಸಲ್ಫೇಟು, ಕ್ಲೋರೈಡು ಇದ್ದರೆ ಎಷ್ಟು ಕುದಿಸಿದರೂ ಜಗ್ಗುವುದಿಲ್ಲ. ಕುದಿಸಿದರೆ ಮೇಲಿನ ತಿಳಿ ಮಾತ್ರ ಬಸಿದುಕೊಳ್ಳಿ. ಬಟ್ಟೆ ಒಗೆಯುವವರ ಹಾಗೆ ವಾಷಿಂಗ್ ಸೋಡಾ ಹಾಕಬೇಡಿ, ನೀರು ಮೆತ್ತಗಾಗುತ್ತದೆ, ಮುಖದ ಚರ್ಮ ಹಾಳಾಗುತ್ತದೆ.

ಮಾವನವರಿಗೆ ನೀವು ಮಾಡುತ್ತಿರುವುದೇ ಸರಿ. ಅವರಿಗೆ ನೊರೆ ಬೇಕಿಲ್ಲ, ಬ್ಲೇಡು ಜಾರಿದರೆ ಸಾಕು.

ಸಿಂಧನೂರು ಹುಡುಗ

ಬಾಟಲಿ ಪರೀಕ್ಷೆ ಮಾಡಿದೆ ಸರ್. ಮೂರನೇ ಬಾಟಲಿಗೆ ನಳದ ನೀರೂ ಹಾಕಿದೆ, ನಮ್ಮ ಕಡೆ ಕಾಲುವೆ ನೀರನ್ನೇ ಕೆರೆಗೆ ತುಂಬಿಸಿ ನಳಕ್ಕೆ ಬಿಡುತ್ತಾರೆ. ಆರ್‌ಓದಲ್ಲಿ ಬಾಟಲಿ ತುಂಬಾ ನೊರೆ. ನಳದ ನೀರಲ್ಲೂ ಪರವಾಗಿಲ್ಲ. ಬೋರ್ ನೀರು ಗಂಜಿ ಬಣ್ಣಕ್ಕೆ ತಿರುಗಿ ಸುಮ್ಮನೆ ಕೂತಿತು. ಅಮ್ಮ ಅದನ್ನು ನೋಡಿ, ತಲೆಗೆ ಸೀಗೆಕಾಯಿಯೇ ಸರಿ ಅಂತ ನಾನು ಹೇಳುತ್ತಿರಲಿಲ್ಲವಾ ಅಂದರು.

ಈಗ ನಳದ ನೀರನ್ನೇ ತಂಬಿಗೆಯಲ್ಲಿ ಎತ್ತಿಡುತ್ತೇನೆ. ಅಂಗಡಿಯವರ ಹತ್ತಿರ ಜಗಳ ಮಾಡುವುದು ತಪ್ಪಿತು. ಇನ್ನೊಂದು ಪ್ರಶ್ನೆ: ನನ್ನದು ಹಂದಿ ಕೂದಲಿನ ಬ್ರಶ್ಶು, ಜಿಗಟು ಹಿಡಿದು ಗಟ್ಟಿಯಾಗಿದೆ. ಸರಿ ಹೋಗುತ್ತದಾ?

ಬಳ್ಳಾರಿ ಕಟಿಂಗ್ ಶಾಪ್

ಬೆಚ್ಚನೆ ನಳದ ನೀರಿಗೆ ಸ್ವಲ್ಪ ಬಿಳಿ ವಿನೆಗರ್ ಹಾಕಿ ಕೂದಲಷ್ಟೇ ಮುಳುಗಿಸಿಡು, ಅಂಟು ಹಾಕಿದ ಬುಡ ಬೇಡ. ಆಮೇಲೆ ಚೆನ್ನಾಗಿ ತೊಳೆದು ತಲೆ ಕೆಳಗೆ ಮಾಡಿ ಗಾಳಿಗೆ ತೂಗುಹಾಕು. ಹೊಸದು ಕೊಳ್ಳುವುದಾದರೆ ಸಿಂಥೆಟಿಕ್ ಕೂದಲಿನದು ತಗೋ. ನೆನೆಸುವ ರಗಳೆ ಇಲ್ಲ, ಬೇಗ ಒಣಗುತ್ತದೆ, ಹಂದಿ ಕೂದಲು ಬೇಡ ಅನ್ನುವ ಗಿರಾಕಿಗಳಿಗೂ ನಡೆಯುತ್ತದೆ.