ಸಹಾಯ ಬೇಕು: ಮಗಳ ಈಜು ತರಬೇತಿಗಾಗಿ ಶಾಲೆಗೆ ಮನವಿ ಬರೆಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಎಂಟನೆಯ ತರಗತಿಯಲ್ಲಿರುವ ನಮ್ಮ ಮಗಳು ಬೆಳಗಿನ ಈಜು ತರಬೇತಿ ಮುಗಿಸಿ ಶಾಲೆ ತಲುಪುವಷ್ಟರಲ್ಲಿ ಮೊದಲ ಪೀರಿಯಡ್ ಆರಂಭವಾಗಿರುತ್ತದೆ. ಅದು ಗಣಿತದ್ದೇ ಆಗಿರುವುದು ನಮ್ಮ ದೊಡ್ಡ ಚಿಂತೆ. ಇನ್ನೂ ಬೇಗ ಎಬ್ಬಿಸಿ ಎಂದು ಕೆಲವರು ಸಲಹೆ ನೀಡಿದರಾದರೂ, 13ರಿಂದ 18 ವರ್ಷದ ಮಕ್ಕಳಿಗೆ ದಿನಕ್ಕೆ 8ರಿಂದ 10 ಗಂಟೆಗಳ ನಿದ್ರೆ ಬೇಕೆಂದು ತಜ್ಞರು ಹೇಳುವುದರಿಂದ, ಅವಳ ನಿದ್ರೆಗೆ ಕತ್ತರಿ ಹಾಕಲು ನಮಗೆ ಖಂಡಿತ ಮನಸ್ಸಿಲ್ಲ. ಆದ್ದರಿಂದ ತರಬೇತಿಯ ದಿನಗಳಲ್ಲಿ ತಡವಾಗಿ ಬರಲು ಅನುಮತಿಯನ್ನೂ, ತಪ್ಪಿದ ಪಾಠದ ಟಿಪ್ಪಣಿಯನ್ನೂ, ಪಂದ್ಯದ ದಿನವೇ ಕಿರುಪರೀಕ್ಷೆ ಬಂದರೆ ಅದನ್ನು ಬೇರೊಂದು ದಿನ ಬರೆಯುವ ಅವಕಾಶವನ್ನೂ ಮುಖ್ಯೋಪಾಧ್ಯಾಯರಲ್ಲಿ ಲಿಖಿತವಾಗಿ ಕೋರಬೇಕೆಂದಿದ್ದೇವೆ. ಇಂಥ ಮನವಿ ಸಲ್ಲಿಸಿದ ಪೋಷಕರು ತರಬೇತುದಾರರ ಪತ್ರವನ್ನು ಜೊತೆಗಿರಿಸಿದ್ದಿರೇ, ಹಾಜರಾತಿಯ ಕೊರತೆಯನ್ನು ಶಾಲೆಯವರು ಹೇಗೆ ಪರಿಗಣಿಸಿದರು ಎಂಬುದನ್ನು ದಯವಿಟ್ಟು ತಿಳಿಸಿ.